ಕರೆಂಟಿಗೆ ಕಣ್ಣಿಲ್ಲ

ಗಂಡ: ಹಳದಿ ತಂತಿ ಜಾಗದಲ್ಲಿ ಕೆಂಪು, ಕೆಂಪು ಜಾಗದಲ್ಲಿ ಹಳದಿ! ಜೋಡಿಸೋವಾಗ ಕಣ್ಣು ಎಲ್ಲಿಟ್ಟಿದ್ದೆ?

ಹೆಂಡತಿ: ಮುಖದ ಮೇಲೇ ಇತ್ತು ರೀ. ಕಂಪ್ಯೂಟರಿನ ವೈರ್ ಕಿತ್ತು ಬಂದಿತ್ತು, ನೀವು ಗೊರಕೆ ಹೊಡೀತಿದ್ರಿ. ನಾನೇ ಜೋಡಿಸಿದೆ.

ರಿಪೇರಿ ಅಂಗಡಿಯ ಮೇಜಿನ ಮೇಲೆ ಹಾರ್ಡ್ ಡಿಸ್ಕ್ ಮಿಸುಕದೆ ಬಿದ್ದಿತ್ತು. ನಿವೃತ್ತಿಯಾದ ಮೇಲೆ ಗಂಡ ಹೇಳಿ, ಹೆಂಡತಿ ಟೈಪ್ ಮಾಡಿದ ಇಡೀ ಪುಸ್ತಕ ಅದರೊಳಗಿತ್ತು. ನಾಳೆ ಅಚ್ಚಿಗೆ ಹೋಗಬೇಕು. ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಆಕೆ ಹೇಳಿದಾಗಲೆಲ್ಲ "ನಂಗೆ ಗೊತ್ತು" ಎಂದು ಬಾಯಿ ಮುಚ್ಚಿಸಿದ್ದರು.

ಗಂಡ: ಹೀಗೆ ಜೋಡಿಸು ಅಂತ ನಿಂಗೆ ಹೇಳಿಕೊಟ್ಟ ಮಹಾನುಭಾವ ಯಾರು?

ಹೆಂಡತಿ: ಡಿಸ್ಕ್ ಮೊದಲು ಸರಿಹೋಗಲಿ. ಆಮೇಲೆ ಹೇಳ್ತೀನಿ.

ಗಂಡ: ಅಂಥವನನ್ನ ನಾಲ್ಕು ಜನರ ಮುಂದೆ ನಿಲ್ಲಿಸಿ ಉಗೀಬೇಕು!

ಹೆಂಡತಿ: ಉಗಿಯೋಣ ಬಿಡಿ, ಅವಸರ ಏನು?

ರಿಪೇರಿಯವ: ಸಾರ್, ಕೂಗಾಡಬೇಡಿ, ಕೈ ನಡುಗುತ್ತೆ. ಇಲ್ನೋಡಿ, ಈ ಪುಟಾಣಿ ಭಾಗ ತಾನು ಸುಟ್ಟುಕೊಂಡು ಒಳಗಿರೋದನ್ನ ಉಳಿಸಿದೆ. ಇದನ್ನ ಕಿತ್ತರೆ ಡಿಸ್ಕ್ ತಿರುಗಬಹುದು.

ಹೆಂಡತಿ: ಪಾಪ! ಅದರ ಕಷ್ಟ ನಂಗೆ ಗೊತ್ತಪ್ಪ. ನಮ್ಮನೇಲಿ ಆ ಕೆಲಸ ನಂದೇ.

ರಿಪೇರಿಯವ ಅದನ್ನು ಕಿತ್ತ, ಸರಿಯಾದ ತಂತಿ ಸಿಕ್ಕಿಸಿದ. ಡಿಸ್ಕ್ ಗುಂಯ್ ಎಂದಿತು. ಗಂಡನಿಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಹೆಂಡತಿಯ ಕೈಯನ್ನೂ ಹಿಡಿದುಕೊಂಡರು.

ಗಂಡ: ಫೈಲ್ ತೆಗೆದು ನೋಡಪ್ಪ, ಅಕ್ಷರ ಎಲ್ಲ ನೆಟ್ಟಗಿದೆಯಾ?

ರಿಪೇರಿಯವ: "ಮನೆ ರಿಪೇರಿ ಮನೆಯವರಿಂದಲೇ." ಇದೇನಾ ಸಾರ್? ಮಧ್ಯೆ ಒಂದು ಕಡೆ ಓದ್ತೀನಿ. "ತಂತಿಗಳ ಬಣ್ಣ ಕಂಡು ಗೃಹಿಣಿಯರು ಗಾಬರಿಯಾಗಬೇಕಿಲ್ಲ. ಬಣ್ಣವೆಲ್ಲ ಕಂಪನಿಯವರ ಶೋಕಿ. ಕರೆಂಟಿಗೆ ಕಣ್ಣಿಲ್ಲ, ಕೈಗೆ ಸಿಕ್ಕಿದ್ದನ್ನು ಧೈರ್ಯವಾಗಿ ಜೋಡಿಸಿ."

ಗಂಡ ಹಿಡಿದಿದ್ದ ಕೈ ಬಿಟ್ಟರು.

ಹೆಂಡತಿ: ಟೈಪ್ ಮಾಡಿದ್ದೆನಲ್ಲ, ಬಾಯಿಪಾಠ ಆಗಿತ್ತು. ಧೈರ್ಯವಾಗಿ ಜೋಡಿಸಿದೆ. ನಾಲ್ಕು ಜನ ಇಲ್ಲ, ನಾನೂ ಈ ರಿಪೇರಿಯವರೂ ಇಬ್ಬರೇ ಇದ್ದೀವಿ. ಉಗಿಯೋಕೆ ಶುರು ಮಾಡೋಣ್ವಾ?

ಗಂಡ: ಏಯ್, ಆ ಪುಟ ಅಳಿಸಪ್ಪ! ಬೇಗ ಅಳಿಸು!

ರಿಪೇರಿಯವ: ಅಯ್ಯೋ, ಇರಲಿ ಬಿಡಿ ಸಾರ್. ಪುಸ್ತಕ ಅಂಗಡಿಗೆ ಬರೋ ದಿನ ಮಾತ್ರ ಮುಂಚೆನೇ ಹೇಳಿಬಿಡಿ. ಪಕ್ಕದ ಮಳಿಗೆನೂ ಬಾಡಿಗೆಗೆ ಹಿಡಿದಿರ್ತೀನಿ.