ಕಾಕಾನ ಮೂಗು ಮತ್ತು ನನ್ನ ಸಂಶೋಧನೆ

ಹಂದಿಗಳ ನ್ಯುಮೋನಿಯಾ ಕುರಿತು ಸಂಶೋಧನೆ ಮಾಡಿದವರು ದೇಶದಲ್ಲಿ ಎಷ್ಟೋ ಜನ ಇದ್ದಾರೆ. ಆದರೆ ಆ ಸಂಶೋಧನೆಗೆ ಸ್ವಂತ ಮೂಗನ್ನೇ ಒಪ್ಪಿಸಿದವನು ನನಗೆ ತಿಳಿದಂತೆ ಒಬ್ಬನೇ. ಅವನು ನಮ್ಮ ಕಾಕಾ!

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದ ಮನೆತನ ನಮ್ಮದು. ಅದರಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಪಶುವೈದ್ಯೆ. ಈಗ ಹಂದಿಗಳ ಶ್ವಾಸಕೋಶಕ್ಕೆ ಬರುವ ಒಂದು ಬ್ಯಾಕ್ಟೀರಿಯಾ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಇಷ್ಟು ಓದಿ ಕೊನೆಗೆ ಹಂದಿಯೇ ಎಂದು ಪುಣೆಯ ನಿಗಡಿ ಬಡಾವಣೆಯ ನಮ್ಮ ನೆರೆಮನೆಯವರು ಕೇಳುತ್ತಾರೆ. ಇಷ್ಟು ಓದಿದ್ದಕ್ಕೇ ಹಂದಿ, ಓದದಿದ್ದರೆ ಅದರ ಕೆಮ್ಮು ನನಗೆ ಹೇಗೆ ಅರ್ಥವಾಗುತ್ತಿತ್ತು ಎನ್ನುತ್ತೇನೆ.

ಕಾಕಾ ಎಂದರೆ ಅಪ್ಪನ ತಮ್ಮ. ಅಪ್ಪನ ಜೊತೆ ಗಾರೆ ಹೊರುತ್ತಿದ್ದವನು ಒಂದು ದಿನ ಬುಟ್ಟಿ ಕೆಳಗಿಟ್ಟು, ಪುಣೆ ಹತ್ತಿರದ ರೈಲ್ವೆ ಊರು ದೌಂಡದ ಹೊರಗೆ ಕಬ್ಬಿನ ಹೊಲಗಳ ಮಗ್ಗುಲಲ್ಲಿ ಜಾಗ ಹಿಡಿದು ಹಂದಿ ಸಾಕತೊಡಗಿದ. ಕಟ್ಟಡದ ಕೆಲಸ ಏಕೆ ಬಿಟ್ಟೆ ಎಂದರೆ, ಗೋಡೆಗಳು ತಿರುಗಿ ಮಾತಾಡುವುದಿಲ್ಲ ಎನ್ನುತ್ತಾನೆ. ಹಾಗಾದರೆ ಹಂದಿಗಳು ಮಾತಾಡುತ್ತವೆಯೇ? ಮಾತಾಡುತ್ತವಂತೆ, ಅದೂ ಕನ್ನಡದಲ್ಲಿ! ವ್ಯಾಪಾರಿಗಳ ಜೊತೆ ಅವನದು ಮರಾಠಿ, ರೈಲ್ವೆಯವರ ಜೊತೆ ಹಿಂದಿ, ಹಂದಿಗಳ ಜೊತೆ ಮಾತ್ರ ಅಪ್ಪಟ ಯಾದಗಿರಿ ಕನ್ನಡ. ಮರಾಠಿಯಲ್ಲಿ ಬೈದರೆ ಅವು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲವಂತೆ. ಪರೀಕ್ಷಿಸೋಣವೆಂದು ನಾನೊಮ್ಮೆ ಮರಾಠಿಯಲ್ಲಿ ಕರೆದೆ. ಒಂದೂ ತಲೆ ಎತ್ತಲಿಲ್ಲ. ಮೇವಿನ ಬಕೆಟ್ ಬಡಿದೆ. ಎಲ್ಲವೂ ಓಡಿ ಬಂದವು. ಈಗೇನು ಹೇಳುತ್ತೀ ಎನ್ನುವಂತೆ ಕಾಕಾನನ್ನು ನೋಡಿದೆ.

"ಬಕೀಟ ನಮ್ಮೂರದ್ದ ಅದ" ಎಂದ.

ರೋಗಾಣು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಮನುಷ್ಯರ ಬಟ್ಟೆ, ಚಪ್ಪಲಿ ಹಿಡಿದೂ ಹೋಗಬಹುದು, ಹೊರಗಿನವರನ್ನು ಹಾಗೆಯೇ ಒಳಗೆ ಬಿಡಬೇಡ ಎಂದು ಅವನಿಗೆ ಹೇಳಿದ್ದು ನಾನೇ. ಅಂದಿನಿಂದ ಆ ಅಂಗಳಕ್ಕೆ ಬಂದವರಿಗೆಲ್ಲ ಸ್ನಾನ ಕಡ್ಡಾಯ! ಹಂದಿ ಕೊಳ್ಳಲು ಬಂದವನು ಗೊಣಗುತ್ತ ಮಿಂದ. ಕರೆಂಟಿನ ಮೀಟರ್ ನೋಡಲು ಬಂದವನೂ ಮಿಂದ. ಒಮ್ಮೆ ನನ್ನ ಗೈಡ್ ಬಂದರು. ಇಡೀ ವಿಭಾಗವೇ ಅವರೆದುರು ಉಸಿರು ಬಿಗಿಹಿಡಿಯುತ್ತದೆ. ಕಾಕಾ ಒಂದು ಬಕೆಟ್ ಬಿಸಿನೀರು, ಮೇಲೊಂದು ಅವನ ಹೆಂಡತಿ, ನಮ್ಮ ಕಾಕೂನ ಹೂವಿನ ನೈಟಿ ತಂದಿಟ್ಟು, ಇದು ನಮ್ಮ ಡಾಕ್ಟರವ್ವನ ನಿಯಮ ಎಂದು ಮರಾಠಿಯಲ್ಲಿ ವಿನಯದಿಂದ ತಿಳಿಸಿದ. ನಾನು ಭೂಮಿಗಿಳಿದು ಹೋದೆ. ಮೇಡಂ ತಣ್ಣಗೆ ಒಳಗೆ ಹೋಗಿ, ಮಿಂದು, ಆ ನೈಟಿಯಲ್ಲೇ ನಿಂತು ಹಂದಿಗಳ ಉಸಿರು ಎಣಿಸಿದರು. ವಾಪಸು ಬರುವಾಗ, ಇಷ್ಟು ಶಿಸ್ತಿನ ಫಾರ್ಮನ್ನು ತಾವು ಎಲ್ಲೂ ನೋಡಿಲ್ಲ ಎಂದರು. ನಾನು ಜೀಪಿನ ಕಿಟಕಿಯಿಂದ ಆಚೆ ಕಬ್ಬು ನೋಡುತ್ತ ಕೂತಿದ್ದೆ. ನಕ್ಕಿದ್ದರೆ ಪಿಎಚ್.ಡಿ. ಕತೆ ಅಲ್ಲಿಗೇ ಮುಗಿಯುತ್ತಿತ್ತು!

ಇನ್ನು ಮೂಗಿನ ವಿಷಯ. ಹಂದಿಯ ಮೂಗಿನೊಳಗೆ ಉದ್ದನೆಯ ಹತ್ತಿಕಡ್ಡಿ ಆಡಿಸಿ ಮಾದರಿ ತೆಗೆಯುವುದು ನಮ್ಮ ಕೆಲಸದ ಒಂದು ಭಾಗ. ಹಂದಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಕಿರುಚಾಟ ದೌಂಡದ ಸ್ಟೇಷನ್ನಿಗೂ ಕೇಳಿಸೀತು.

"ಮೊದಲ ನನ್ನ ಮೂಗಿನಾಗ ಹಾಕು. ಅವು ನೋಡ್ಲಿ, ಧೈರ್ಯ ಬರ್ತದ" ಎಂದು ಕಾಕಾ ಅವುಗಳ ಎದುರೇ ಕುಕ್ಕರಗಾಲಲ್ಲಿ ಕೂತು ಮುಖ ಎತ್ತಿದ.

ಬೇಡವೆಂದರೆ ಕೇಳಬೇಕಲ್ಲ! ಹಾಕಿದೆ. ಅವನು ಸೀನಿದ ಸೀನಿಗೆ ಧೈರ್ಯ ತಂದುಕೊಳ್ಳಬೇಕಾದ ಹಂದಿಗಳು ಮೂಲೆಗೆ ಓಡಿಹೋದವು. ಮುಂದೆ ವಾರಗಟ್ಟಲೆ ಫೋನು: ನನ್ನ ರಿಪೋರ್ಟ್ ಬಂತೇನು? ಕೊನೆಗೆ ಬೇಸತ್ತು, ಕಾಕಾ, ನಿನ್ನ ಮೂಗಿನಲ್ಲಿ ಏನೂ ಇಲ್ಲ ಎಂದೆ.

"ಏನೂ ಇಲ್ಲಂದ್ರ ಹ್ಯಾಂಗ? ಇಷ್ಟ್ ವರ್ಷ ಸೇದಿದ ಬೀಡಿ ಹೊಗಿ ಎಲ್ಲಿಗಿ ಹೋತು?" ಎಂದು ಫೋನಿಟ್ಟ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಶೆಡ್ಡಿಗೇ ಕೆಮ್ಮು ಬಂತು. ಎಂದಿನ ಇಂಜೆಕ್ಷನ್ ಕೊಟ್ಟರೆ ಕೆಲವು ಉಳಿಯುತ್ತಿದ್ದವು, ಕೆಲವು ಸಾಯುತ್ತಿದ್ದವು. ಯಾವ ಔಷಧ ನಾಟುತ್ತದೆ ಎಂದು ತಿಳಿಯಬೇಕಾದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಬೇಕು. ಇಂಜೆಕ್ಷನ್ ಬಿದ್ದ ಹಂದಿಯಿಂದ ತೆಗೆದರೆ ಅದು ಬೆಳೆಯುವುದೇ ಕಷ್ಟ. ನನ್ನ ಸಂಶೋಧನೆಯೂ ಇಲ್ಲೇ ಕಾಲು ಮುರಿದುಕೊಂಡು ಬಿದ್ದಿತ್ತು: ಕಣ್ಣೆದುರು ಒದ್ದಾಡುವ ಹಂದಿಗೆ ಮದ್ದು ಕೊಡದೆ ಕೂರಲು ಯಾವ ಸಾಕಣೆಗಾರ ಒಪ್ಪುತ್ತಾನೆ? ಕಾಕಾನಿಗೆ ಹೇಳಿದೆ: ಇನ್ನು ಯಾವುದಕ್ಕೆ ಜ್ವರ ಬರುತ್ತದೋ ಅದೊಂದಕ್ಕೆ ಇಂಜೆಕ್ಷನ್ ಕೊಡಬೇಡ, ನಾನು ಬರುವ ತನಕ ತಡಿ. ಹೂಂ ಎಂದ.

ಒಂದು ಬೆಳಗ್ಗೆ ಫೋನು ಬಂತು. ಜ್ವರ ಬಂದಿದ್ದು ಹಳೆಯ ದೊಡ್ಡ ತಾಯಿಹಂದಿಗೆ. ಶೆಡ್ಡಿನ ಅರ್ಧ ಸಂಸಾರ ಅದರದೇ. ನಾನು ಐಸಿನ ಡಬ್ಬಿ ಹಿಡಿದು ಸಿಕ್ಕ ರೈಲು ಹತ್ತಿದೆ. ಅದು ದಾರಿಯಲ್ಲಿ ಸಿಗ್ನಲ್ ಇಲ್ಲದೆ ನಿಂತಿತು. ನಿಂತೇ ಇತ್ತು. ನಾನು ಮುಟ್ಟುವಷ್ಟರಲ್ಲಿ ತಾಯಿಹಂದಿ ಹೋಗಿಬಿಟ್ಟಿತ್ತು.

ಅಂಗಳದಲ್ಲೇ ಕಾಕೂ ನನಗೆ ಎಲ್ಲ ಹೇಳಿದಳು. ಕಾಕಾ ಇಂಜೆಕ್ಷನ್ ತುಂಬಿ ಕೈಯಲ್ಲಿ ಹಿಡಿದೇ ಹಂದಿಯ ಪಕ್ಕ ಕೂತಿದ್ದನಂತೆ. ಪಕ್ಕದ ಹೊಲದವರು ಬಂದು ಚುಚ್ಚು ಚುಚ್ಚು ಎಂದು ಗದರಿದರಂತೆ. ಅವಳೂ ಕೈ ಹಿಡಿದು ಎಳೆದಳಂತೆ. ಅವನು ಹೇಳಿದ್ದು ಒಂದೇ ಮಾತು: "ಬರ್ತೀನಿ ಅಂದಾಳ."

ನಾನು ಅಳುತ್ತ ನಿಲ್ಲಲಿಲ್ಲ. ಆಗ ಅಳುವುದು ಅವನಿಗೆ ಮಾಡುವ ಅವಮಾನ. ಶ್ವಾಸಕೋಶದ ಮಾದರಿ ತೆಗೆದು, ಸಿಕ್ಕ ಮೊದಲ ರೈಲಿಗೇ ಪುಣೆಗೆ ಮರಳಿದೆ. ರೋಗಾಣು ಬೆಳೆಯಿತು, ಬೇರೇನೂ ಬೆರೆಯದೆ, ಸ್ವಚ್ಛವಾಗಿ. ಹಳೆಯ ಇಂಜೆಕ್ಷನ್ನಿಗೆ ಅದು ಅಷ್ಟಾಗಿ ಜಗ್ಗಲಿಲ್ಲ, ಇನ್ನೊಂದಕ್ಕೆ ಪೂರ್ತಿ ಸತ್ತಿತು. ಆ ಇನ್ನೊಂದನ್ನು ಕೊಟ್ಟ ಮೇಲೆ ಶೆಡ್ಡಿನಲ್ಲಿ ಕೆಮ್ಮು ನಿಂತಿತು. ನನ್ನ ಪ್ರಬಂಧದ ದೊಡ್ಡ ಅಧ್ಯಾಯ ಎದ್ದು ನಿಂತಿತು.

ಎಲ್ಲ ತಣ್ಣಗಾದ ಮೇಲೆ ದೌಂಡಕ್ಕೆ ಹೋಗಿ ಕೇಳಿಯೇಬಿಟ್ಟೆ. "ಕಾಕಾ, ಯಾಕ ಕಾದಿ? ಇಂಜೆಕ್ಷನ್ ಕೈಯಾಗ ಇತ್ತು. ಕೊಟ್ಟಿದ್ರ ಒಂದ್ವ್ಯಾಳೆ ಉಳೀತಿತ್ತು."

ಅವನು ನನ್ನ ಕಡೆ ನೋಡದೆ ನೀರಿನ ಪೈಪು ಬಿಡಿಸುತ್ತಿದ್ದ.

"ನಮ್ಮ ಮನ್ಯಾಗ ಓದಿದಾಕಿ ನೀ ಒಬ್ಬಾಕಿ. ನಿನ್ನ ಮಾತು ನಾವ ಕೇಳಲಿಲ್ಲಂದ್ರ, ಮಂದಿ ಯಾಕ ಕೇಳ್ತಾರವ್ವ?"

ಅಷ್ಟು ಹೇಳಿ ಶೆಡ್ಡು ತೊಳೆಯಲು ಹೋದ. ನಾನು ಚಪ್ಪಲಿ ಬಿಟ್ಟು, ಪೊರಕೆ ತೆಗೆದುಕೊಂಡು ಅವನ ಹಿಂದೆ ಹೋದೆ.