ಟಾ ಮತ್ತು ತಾ

‘ಗೊತ್ತಿಲ್ಲ’ ಎನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಮೈಸೂರು ಬಿಟ್ಟು, ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್‌ನಲ್ಲಿ ಆಸ್ಪತ್ರೆಯ ಡಾಕ್ಟರಾಗಿ ಸೇರಿದೆ. ಇಂಗ್ಲೆಂಡಿನಿಂದ ಬಂದ ಹಿರಿಯ ಸಿಸ್ಟರ್ ಒಬ್ಬರು ರೋಗಿಯೊಬ್ಬನ ಕಾಲು ತೋರಿಸಿ, ‘ಒಂದು ಡೆಕ್ಕೋ ಹಾಕಿ ಡಾಕ್ಟರ್’ ಎಂದರು. ಕಾಲಿಗಿಂತ ಮೊದಲು ನಾನು ಪದವನ್ನು ಪರೀಕ್ಷಿಸಿದೆ. ‘ಅದು ನಮ್ಮ ಹಿಂದಿಯ ದೇಖೋ ಸಿಸ್ಟರ್, ನಿಮ್ಮ ಸಿಪಾಯಿಗಳು ಹೊತ್ತುಕೊಂಡು ಹೋದದ್ದು. ಆರಾಮದ ಕೆಲಸಕ್ಕೆ ಕುಶಿ ಅನ್ನುತ್ತೀರಲ್ಲ, ಅದೂ ನಮ್ಮ ಖುಷಿಯೇ. ತಲೆಕೆಟ್ಟವನಿಗೆ ಡೂಲಾಲಿ ಅನ್ನುವುದು ನಾಸಿಕದ ಹತ್ತಿರದ ದೇವಲಾಲಿಯಿಂದ. ಅಲ್ಲಿ ಊರಿಗೆ ಹೋಗುವ ಹಡಗಿಗೆ ಕಾದೂ ಕಾದೂ ನಿಮ್ಮವರಿಗೆ ಹುಚ್ಚು ಹಿಡಿಯುತ್ತಿತ್ತಂತೆ.’ ರೋಗಿ ಕಣ್ಣರಳಿಸಿ ಕೇಳುತ್ತಿದ್ದ. ಅವನಿಗೆ ನೋವು ಮರೆತೇಹೋಗಿತ್ತೆಂದು ನನ್ನ ದೃಢ ನಂಬಿಕೆ.

ಇಂಥ ಪಂಡಿತನನ್ನು ಅದೇ ದಿನ ಒಂದಕ್ಷರ ಕೆಡವಿತು. ಎಕ್ಸ್‌ರೇ ಕೈಗಿಟ್ಟೆ, ಸಿಸ್ಟರ್ ‘ಟಾ’ ಎಂದರು. ಟಾಟಾದಲ್ಲಿ ಅರ್ಧ, ಅಂದರೆ ಬೇಗ ಜಾಗ ಖಾಲಿ ಮಾಡು ಎಂದಿರಬೇಕು ಎಂದುಕೊಂಡು ಹೊರಗೆ ಹೋಗಿ ನಿಂತೆ. ಅವರೇ ಹುಡುಕಿಕೊಂಡು ಬಂದು ಹೇಳಿದ ಮೇಲೆ ತಿಳಿಯಿತು: ಅದು ಥ್ಯಾಂಕ್ಸ್‌ನ ಮುದ್ದು ರೂಪ. ಇಂಗ್ಲೆಂಡಿನ ಕೂಸುಗಳ ಬಾಯಲ್ಲಿ ಹುಟ್ಟಿ, ಇಲ್ಲಿಯ ದೊಡ್ಡವರಲ್ಲೂ ಉಳಿದುಬಿಟ್ಟಿದೆ.

ಕೆಲವು ವರ್ಷಗಳ ಮೇಲೆ ಮೈಸೂರಿನಿಂದ ಅಮ್ಮ ಬಂದಳು. ಮೊಮ್ಮಗಳ ಬಾಯಲ್ಲಿ ಒಂದಾದರೂ ಕನ್ನಡದ ಮಾತು ಕೇಳಬೇಕೆಂಬುದು ಅವಳ ಆಸೆ. ಆಗಷ್ಟೇ ಮಾತು ಕಲಿಯುತ್ತಿದ್ದ ನನ್ನ ಮಗಳು ಅನು ಮಾತ್ರ, ಅಜ್ಜಿ ಎಷ್ಟು ಪುಸಲಾಯಿಸಿದರೂ, ‘ನೋ’ ಎಂದು ಓಡುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಅವಳ ಕೈಗೆ ಕೊಡುಬಳೆ ಕೊಟ್ಟಳು. ‘ಟ’ ಇನ್ನೂ ಹೊರಳದ ನಾಲಗೆಯಲ್ಲಿ ಅನು, ‘ತಾ’ ಎಂದಳು.

‘ಕೇಳಿಸ್ತೇನೋ? ಕೂಸು ಕನ್ನಡ ಮಾತಾಡ್ತು ಕಣೋ! ಇನ್ನೊಂದು ತಾ ಅಂತಿದೆ!’

ಇನ್ನೊಂದು ಕೊಟ್ಟಳು. ಮತ್ತೆ ‘ತಾ’. ಡಬ್ಬಿ ಖಾಲಿಯಾಗುತ್ತಾ ಬಂತು, ಅಮ್ಮನ ಕಣ್ಣು ತುಂಬುತ್ತಾ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ವಸುಧಾ ಪಕ್ಕಕ್ಕೆ ಬಂದು, ‘ನಿಮ್ಮ ಪಾಂಡಿತ್ಯ ಸ್ವಲ್ಪ ಒಳಗಿಟ್ಕೊಳ್ರೀ’ ಎಂದು ಪಿಸುಗುಟ್ಟಿದಳು.

‘ನೀನೇ ಕಲಿಸಿದ್ಯೇನೋ?’ ಎಂದಳು ಅಮ್ಮ.

‘ಹೂಂ ಅಮ್ಮ. ಅಪ್ಪಟ ಕನ್ನಡ’ ಎಂದೆ. ಮೂಲ ಗೊತ್ತಿದ್ದೂ ಸುಮ್ಮನಿರುವುದು ನನ್ನಂಥವನಿಗೆ ಎಷ್ಟು ಕಷ್ಟವೆಂದು ನಿಮಗೆ ಹೇಳಿದರೆ ಅರ್ಥವಾಗಲಾರದು. ಹೊಟ್ಟೆಯೆಲ್ಲ ಉಬ್ಬರಿಸಿದಂತಾಯಿತು. ಅನುವಿಗೂ ಉಬ್ಬರಿಸಿತು, ಅವಳದು ಕೊಡುಬಳೆಯಿಂದ.

ಅಮ್ಮ ವಾಪಸ್ಸು ಹೊರಟ ದಿನ ಬ್ರಿಸ್ಬೇನಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ಪಕ್ಕಕ್ಕೆ ಕರೆದಳು.

‘ಪಕ್ಕದ್ಮನೆ ಆ ಬಿಳೀ ಮುದುಕಿಗೂ ಕೊಡುಬಳೆ ಕೊಟ್ಟಿದ್ದೆ ಕಣೋ. ಅವಳು ಟಾ ಅಂದ್ಳು. ಇವಳಿಗೂ ನಿನ್ನ ಗಂಡನೇ ಕನ್ನಡ ಕಲಿಸಿದ್ನೇನೇ ಅಂತ ವಸೂನ ಕೇಳ್ದೆ. ಅವಳು ನಕ್ಕುಬಿಟ್ಟು ಎಲ್ಲಾ ಹೇಳಿದ್ಲು.’

ನಾನು ತಲೆ ತಗ್ಗಿಸಿದೆ.

‘ಹೋಗ್ಲಿ ಬಿಡು. ಚಿಕ್ಕಂದಿನಿಂದ ಒಂದು ನಿಮಿಷ ಬಾಯಿ ಮುಚ್ದೋನಲ್ಲ ನೀನು. ನನ್ನ ಸಂತೋಷಕ್ಕೆ ಇಷ್ಟು ದಿನ ಮುಚ್ಕೊಂಡಿದ್ಯಲ್ಲ!’ ಎಂದು ಅಮ್ಮ ನನ್ನ ಕೆನ್ನೆ ಸವರಿದಳು. ಆಮೇಲೆ, ಸ್ವಲ್ಪ ನಾಚಿಕೊಂಡೇ, ‘ತಾ’ ಎಂದಳು.

ನಮ್ಮ ಮನೆಯಲ್ಲಿ ತಾಯಿ ಮಗನಿಗೆ ಥ್ಯಾಂಕ್ಸ್ ಹೇಳುವ ಪದ್ಧತಿ ಎಂದೂ ಇಲ್ಲ. ಅದಕ್ಕೋ ಏನೋ, ದೇಖೋ, ಖುಷಿ, ದೇವಲಾಲಿಗಳನ್ನೆಲ್ಲ ಅರೆದು ಕುಡಿದಿದ್ದ ನಾನು ಗಡಿಬಿಡಿಯಿಂದ ಸುತ್ತಮುತ್ತ ನೋಡಿ ಕೇಳಿದೆ:

‘ಏನ್ ತರ್ಲಮ್ಮ? ಕಾಫೀನಾ?’