ಬೈಲಕುಪ್ಪೆಯ ಕೋಟು

ಈ ಸಲದ ಹಂದಿಬೇಟೆಗೆ ನಾನು ಹೋಗಿಯೇ ತೀರುತ್ತೇನೆ, ನಡೆದವರ ಪಾಲನ್ನು ನನ್ನ ಕೈಯಾರೆ ಮನೆಗೆ ತಂದೇ ತರುತ್ತೇನೆ ಎಂದು ಅರವತ್ತೊಂಬತ್ತನೇ ಇಸವಿಯ ಕಾರ್ತಿಕದಲ್ಲಿ ನಾನು ಭೀಷ್ಮಪ್ರತಿಜ್ಞೆ ಮಾಡಿದೆ. ಭೀಷ್ಮರು ಎದ್ದು ನಿಂತು ಮಾಡಿದ್ದಿರಬೇಕು. ನಾನು ಮಲಗಿಕೊಂಡೇ ಮಾಡಿದೆ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳಿಗೆ ಮಗ್ಗಿ ಹೇಳಿಸಿ ಬಂದ ಮೇಷ್ಟ್ರಿಗೆ ಸಂಜೆ ಎದ್ದು ನಿಲ್ಲುವ ತ್ರಾಣವೆಲ್ಲಿ?

ನಮ್ಮೂರು ಪಿರಿಯಾಪಟ್ಟಣದಿಂದಾಚೆ ಕಾಡಂಚಿನಲ್ಲಿದೆ. ರಾಗಿ ತೆನೆ ಕಟ್ಟುವ ಹೊತ್ತಿಗೆ ಹಂದಿಗಳು ಹಿಂಡುಗಟ್ಟಿ ಇಳಿಯುತ್ತವೆ. ಹಾಗಾಗಿ ವರ್ಷಕ್ಕೊಮ್ಮೆ ಊರೇ ಸೇರಿ ಬೇಟೆಗೆ ಹೋಗುವುದು ವಾಡಿಕೆ. ಬಿದ್ದ ಹಂದಿಯನ್ನು ಹಂಚುವುದಕ್ಕೂ ಒಂದು ಕಟ್ಟಳೆಯಿದೆ. ಬಂದೂಕಿಗೆ ಎರಡು ಪಾಲು, ನಾಯಿಗೊಂದು ಪಾಲು, ನಡೆದವರಿಗೆಲ್ಲ ಒಂದೊಂದು ಪಾಲು. ಆದರೆ ಇದೆಲ್ಲಕ್ಕೂ ಮೊದಲು ಎತ್ತಿಡುವುದು ಮನೆಪಾಲು, ಅಂದರೆ ಕಾಡಿಗೆ ಕಳಿಸಲು ಗಂಡಾಳಿಲ್ಲದ ಮನೆಗಳ ಪಾಲು. ಹಿಂದಿನ ವರ್ಷ ಊರಲ್ಲಿ ಮನೆಪಾಲು ಮೂರು ಮನೆಗೆ ಹೋಯಿತು. ಗಂಡ ತೀರಿಕೊಂಡ ತಿಮ್ಮಮ್ಮನ ಮನೆಗೆ, ಹಾಸಿಗೆ ಹಿಡಿದಿದ್ದ ದಾಸಯ್ಯನ ಮನೆಗೆ, ಆಮೇಲೆ ನಮ್ಮ ಮನೆಗೆ.

ನನ್ನ ಹೆಂಡತಿ ಮಲ್ಲಾಜಮ್ಮ ಅದನ್ನು ಮರೆತಿರಲಿಲ್ಲ. ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದಳು.

"ಪಾಲು ಈಸ್ಕೊಳಾಕೆ ಓದಾಗ ತಿಮ್ಮಮ್ಮ ನನ್ನ ಕೈ ಇಡ್ಕಂಡು, ನಿಂಗೂ ನನ್ನಂಗೇ ಆಯ್ತಲ್ಲವ್ವ ಅಂದ್ರು ಕಣ್ರೀ. ನೀವು ಒಳಗೆ ಗೊರಕೆ ಒಡೀತಿದ್ರಿ."

ಗಂಡ ಬದುಕಿರುವಾಗಲೇ ಸಂತಾಪ ಕೇಳಿಸಿಕೊಂಡು ಬಂದವಳು ಅವಳು. ನನಗೆ ಅವಮಾನವಾಗಿತ್ತು, ನಿಜವಾಗಿಯೂ ಆಗಿತ್ತು. ಹಾಗಂತ ನಾನು ಹೇಡಿಯಲ್ಲ. ಹಂದಿಗೆ ನಾನು ಹೆದರುವವನೇ ಅಲ್ಲ. ನನ್ನ ವೈರಿ ಚಳಿ. ಆ ತಿಂಗಳಲ್ಲಿ ನಮ್ಮ ಕಡೆ ಬೆಳಗಿನ ಜಾವದ ಮಂಜಿನಲ್ಲಿ ಸ್ವಂತ ಕೈಯೇ ಕಾಣುವುದಿಲ್ಲ, ನನ್ನ ಎದೆಯಂತೂ ಹಳೇ ಹಾರ್ಮೋನಿಯಂ ಹಾಗೆ ಕುಂಯ್‌ಗುಡಲು ಶುರುಮಾಡುತ್ತದೆ. ತಕ್ಕ ಉಡುಪೊಂದು ಸಿಕ್ಕಿದರೆ ಹಂದಿಯ ಕಥೆ ಮುಗಿದಂತೆಯೇ ಎಂದು ನಾನು ತೀರ್ಮಾನಿಸಿದೆ.

"ಕಂಬಳಿ ಒದ್ಕೊಂಡು ಓಗಿ. ನಮ್ಮಪ್ಪ ಬದುಕಿರೋಗಂಟ ಅದ್ರಾಗೇ ಬೇಟೆ ಆಡ್ದೋರು" ಎಂದಳು ಮಲ್ಲಾಜಮ್ಮ.

ಕಂಬಳಿ ಊರಿಗೆಲ್ಲ ಇರುವುದು. ಅದು ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ, ಹೆಗಲಿಂದ ಜಾರುತ್ತದೆ, ಎರಡೂ ಕೈ ಬಿಡುವಾಗಿರುವುದಿಲ್ಲ ಎಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ. ಎರಡೂ ಕೈ ಬಿಡುವಾಗಿಟ್ಟುಕೊಂಡು ನೀವು ಮಾಡುವುದೇನು ಎಂದು ಕೇಳಿದಳು. ನಾನು ಹುಣಸೂರಿನ ಬಸ್ಸು ಹತ್ತಿದೆ.

ಹುಣಸೂರಿನ ದರ್ಜಿ ನೀಲಕಂಠಸ್ವಾಮಿ ನನ್ನ ಮುಂದೆ ಬಟ್ಟೆಯ ಪರ್ವತವನ್ನೇ ಹರವಿದ. ಖಾಕಿ ಡ್ರಿಲ್ಲು ಮುಳ್ಳಿಗೆ ಜಗ್ಗದು, ಆದರೆ ಗಾಳಿ ಒಳಗೇ ಸಂಸಾರ ಹೂಡುತ್ತದೆ. ಫ್ಲಾನೆಲ್ಲು ಬೆಚ್ಚಗೆ, ಆದರೆ ಒಂದು ಲಂಟಾನ ಪೊದೆ ದಾಟುವಷ್ಟರಲ್ಲಿ ಜಾಳಿಗೆ. ಮಧ್ಯಾಹ್ನದವರೆಗೆ ನಾನು ಒಂದೊಂದನ್ನೇ ಜಗ್ಗಿ, ಉಜ್ಜಿ, ಕೆನ್ನೆಗೆ ಒತ್ತಿ ನೋಡಿದೆ. ಕೊನೆಗೆ ಅವನೂ ಸುಸ್ತಾಗಿ ಟೇಪನ್ನು ಕೊರಳಿಂದ ತೆಗೆದಿಟ್ಟ.

"ಮೇಷ್ಟ್ರೇ, ಬೆಚ್ಚಗಿರೋದು ಬಾಳಾಕಿಲ್ಲ, ಬಾಳೋದು ಬೆಚ್ಚಗಿರಾಕಿಲ್ಲ. ಎರಡೂ ಇರೋದು ಸಿಕ್ರೆ ನಿಮ್ಮಳತೆಗೆ ಇರಾಕಿಲ್ಲ" ಎಂದ.

ಈ ವೇದವಾಕ್ಯವನ್ನು ಕೇಳಿಯೂ ನಾನು ಬುದ್ಧಿ ಕಲಿಯಲಿಲ್ಲ. ಮುಂದಿನ ಭಾನುವಾರ ಬೈಲಕುಪ್ಪೆಗೆ ಹೋದೆ. ಹಿಮದ ನಾಡಿನಿಂದ ಬಂದ ಟಿಬೆಟ್ಟಿನವರಿಗಿಂತ ಚಳಿಯನ್ನು ಬಲ್ಲವರು ಯಾರು? ಜೋಳದ ಹೊಲದ ಪಕ್ಕ ಒಬ್ಬ ಅಜ್ಜ ಒಂದು ಕೋಟನ್ನು ಮಾರಲೆಂದು ಬಿಸಿಲಿಗೆ ಹಾಕಿದ್ದ. ಹೊರಗೆ ದಪ್ಪ ತೊಗಲು, ಒಳಗೆ ಕುರಿಯ ತುಪ್ಪಳ, ಮೊಣಕಾಲು ದಾಟಿ ಇಳಿಯುವ ಉದ್ದ. ಆ ಕೋಟು ಹಿಮಾಲಯವನ್ನೇ ದಾಟಿ ಬಂದದ್ದು! ಅಜ್ಜ ಮಾತ್ರ ಬರೀ ಬನಿಯನ್ನಿನಲ್ಲಿ ಬೀಸಣಿಗೆ ಹಿಡಿದು ಕೂತಿದ್ದ. ಇದನ್ನು ಯಾಕೆ ಕೊಡುತ್ತೀಯ ಎಂದು ಕೇಳಿದ್ದಕ್ಕೆ, "ಇಲ್ಲಿ ಬಿಸಿ" ಎಂದ. ಅವನಿಗೆ ಬರುತ್ತಿದ್ದ ನಾಲ್ಕಾರು ಕನ್ನಡ ಮಾತಿನಲ್ಲಿ ಎರಡನ್ನು ನನಗಾಗಿಯೇ ಖರ್ಚುಮಾಡಿದ್ದ. ಆಗಲೂ ನನಗೆ ಅರ್ಥವಾಗಲಿಲ್ಲ. ಮಾವನವರು ಮದುವೆಯಲ್ಲಿ ಕೊಟ್ಟ ಕೈಗಡಿಯಾರವನ್ನು ಬಿಚ್ಚಿ ಅವನ ಕೈಗಿಟ್ಟು ಕೋಟನ್ನು ಹೊತ್ತು ತಂದೆ.

ಮನೆಯಲ್ಲಿ ತೊಟ್ಟು ತೋರಿಸಿದೆ. ತೋಳು ನನ್ನ ಬೆರಳಿನ ತುದಿಯಿಂದಾಚೆಗೆ ಒಂದು ಗೇಣು ತೂಗುತ್ತಿತ್ತು. ಒಣಗಿದ ಬೆಣ್ಣೆ, ಹೊಗೆ, ಕುರಿ, ಈ ಮೂರರ ವಾಸನೆ ಒಟ್ಟಿಗೆ ಮನೆ ತುಂಬಿತು. ಮಲ್ಲಾಜಮ್ಮ ನನ್ನನ್ನು ಸುತ್ತು ಹಾಕಿ ನೋಡಿದಳು.

"ಕೋಟೇನೋ ಚೆನ್ನಾಗೈತೆ. ಒಳಗೆ ಯಾರಾದ್ರೂ ಅವ್ರಾ?" ಎಂದಳು. ಆಮೇಲೆ ನನ್ನ ಬರಿಗೈ ನೋಡಿ ಗಡಿಯಾರ ಎಲ್ಲಿ ಎಂದು ಕೇಳಿದಳು. ಆ ಸಂಜೆಯ ಮಿಕ್ಕ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಬೇಟೆಯ ದಿನ ಬಂತು. ಎರಡು ಸ್ವೆಟರು, ಅದರ ಮೇಲೆ ಕೋಟು, ತಲೆಗೆ ಮಂಕಿ ಟೋಪಿ, ಹೀಗೆ ಸರ್ವಾಂಗ ಕವಚಧಾರಿಯಾಗಿ ಹೊರಟೆ. ಊರಿನ ಒಂದೇ ಲೈಸೆನ್ಸು ಬಂದೂಕಿನ ಯಜಮಾನ ದೊಡ್ಡಬೀರಯ್ಯ ನನ್ನನ್ನು ಕಂಡು ಪಾಪ, ಏನೂ ಅನ್ನಲಿಲ್ಲ. ನಾಯಿಗಳು ಅಂದವು. ಐದಕ್ಕೆ ಐದೂ ಕಾಡಿನ ಕಡೆ ಮೂತಿ ಹಾಕದೆ ನನ್ನ ಸುತ್ತಲೇ ನಿಂತು ಬೊಗಳಿದವು. ಕಾಡಿನವರ ಹಾಡಿಯ ದೊಡ್ಡಬೊಮ್ಮ ನಮಗೆ ಹೆಜ್ಜೆ ನೋಡುವವನು, ಮಣ್ಣಿನ ಮೇಲೆ ಇರುವೆ ನಡೆದದ್ದನ್ನೂ ಓದಿ ಹೇಳಬಲ್ಲವನು. ಅವನು ಮೈಮೇಲೆ ಒಂದು ಹರಕು ಕಂಬಳಿ ಹಾಕಿಕೊಂಡು ಹಕ್ಕಿಯಂತೆ ಹಗುರವಾಗಿ ಮುಂದೆ ನಡೆಯುತ್ತಿದ್ದ. ನನ್ನ ಕೋಟಿನ ವಾಸನೆ ಗಾಳಿಗೆ ಸಿಕ್ಕಿದರೆ ಹಂದಿ ಎಚ್.ಡಿ. ಕೋಟೆ ತಲುಪುತ್ತದೆಂದು ಅವನು ದೊಡ್ಡಬೀರಯ್ಯನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು.

ಎರಡು ಫರ್ಲಾಂಗು ನಡೆಯುವಷ್ಟರಲ್ಲಿ ಚಳಿ ಸೋತು ಓಡಿತು. ಮೂರನೆಯದಕ್ಕೆ ಬೆವರು ಕಣ್ಣಿಗಿಳಿಯಿತು. ಆಮೇಲೆ ಬಿಸಿಲೂ ಬಂತು. ಹೆಗಲ ಮೇಲೆ ಎರಡು ಕುರಿಗಳನ್ನು ಹೊತ್ತು, ಒಲೆಯೊಳಗೆ ನಡೆದಂತೆ ನಡೆದೆ. ಕೊನೆಗೆ ನನ್ನನ್ನು ಒಂದು ಕಂಡಿಯ ಬಳಿ ನಿಲ್ಲಿಸಿದರು. ಎರಡು ಮುಳ್ಳುಪೊದೆಗಳ ನಡುವಿನ ಕಿರಿದಾದ ದಾರಿ ಅದು. ಹಂದಿ ಈ ಕಡೆ ಬಂದರೆ ನಾನು ಅಡ್ಡ ನಿಂತು ಕೂಗಬೇಕು, ಅದು ಬಂದೂಕಿನ ಕಡೆ ತಿರುಗಬೇಕು.

"ಇಲ್ಲಿ ನಿಂತೋರ್ಗೆ ಪಾಲು ಖಾತ್ರಿ. ಅಲ್ಲಾಡ್ಬೇಡಿ ಮೇಷ್ಟ್ರೇ" ಎಂದು ಹೇಳಿ ದೊಡ್ಡಬೀರಯ್ಯ ಹೋದ.

ನಾನು ನಿಂತೆ. ದೇವರಾಣೆ ನಿಂತೆ. ಎಷ್ಟು ಹೊತ್ತೆಂದು ಹೇಳಲು ಗಡಿಯಾರ ಬೈಲಕುಪ್ಪೆಯಲ್ಲಿತ್ತು. ಸೆಕೆಗೆ ಕಣ್ಣು ಕತ್ತಲೆ ಬಂದಾಗ, ಒಂದು ಗಳಿಗೆ ಮಟ್ಟಿಗೆ ಮಾತ್ರ ಎಂದುಕೊಂಡು ಕೋಟನ್ನು ಬಿಚ್ಚಿ ಕಂಡಿಯ ನಡುವಿದ್ದ ಮೋಟುಮರಕ್ಕೆ ಹಾಕಿದೆ. ತೋಳುಗಳು ಎರಡು ಕಡೆಯ ಪೊದೆಗಳ ಮೇಲೆ ಚಾಚಿಕೊಂಡವು. ಟೋಪಿಯನ್ನು ಎಲ್ಲಿಡುವುದು? ಅದನ್ನೂ ಮೋಟಿನ ತುದಿಗೇ ಇಟ್ಟೆ. ಹಿಂದಿನ ಹೊನ್ನೆಮರದ ನೆರಳಲ್ಲಿ ಕೂತು ಬೆನ್ನು ಆನಿಸಿದೆ. ಹದಿನಾಲ್ಕು ವರ್ಷದ ಮಗ್ಗಿಯ ದಣಿವೆಲ್ಲ ಒಟ್ಟಿಗೆ ಬಂದು ರೆಪ್ಪೆಯ ಮೇಲೆ ಕೂತಿತು.

ಎಚ್ಚರವಾದದ್ದು ಬಂದೂಕಿನ ಸದ್ದಿಗೆ. ಹಂದಿ ಬಿತ್ತು ಎಂಬ ಕೂಗು ಕೇಳಿಸಿತು. ಬಿದ್ದೆನೋ ಕೆಟ್ಟೆನೋ ಎಂದು ಓಡಿ, ಕೋಟನ್ನು ಹೇಗೋ ಮೈಗೇರಿಸಿ, ಟೋಪಿ ಎಳೆದುಕೊಂಡು ಕಂಡಿಯಲ್ಲಿ ವೀರಗಲ್ಲಿನಂತೆ ನಿಂತೆ. ಊರವರು ಬಂದರು. ಹಂದಿ ನಿಮ್ಮ ಕಂಡಿಗೇ ನುಗ್ಗಿ ತಿರುಗಿತಲ್ಲ ಮೇಷ್ಟ್ರೇ ಎಂದರು. ನಾನು ಗಂಟಲು ಸರಿಮಾಡಿಕೊಂಡೆ.

"ಅಡ್ಡ ನಿಂತು ಗದರಿದೆ. ತಿರುಗಿತು" ಎಂದೆ.

ಎಲ್ಲರೂ ತಲೆದೂಗಿದರು. ಆ ಅರೆ ನಿಮಿಷ ನನ್ನ ಜೀವಮಾನದ ಅತ್ಯಂತ ಸುಖದ ಅರೆ ನಿಮಿಷ. ಮಲ್ಲಾಜಮ್ಮ ತಲೆಯೆತ್ತಿ ತಿಮ್ಮಮ್ಮನ ಮುಂದೆ ನಡೆದುಹೋಗುವುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ದೊಡ್ಡಬೊಮ್ಮ ಮಾತ್ರ ನೆಲ ನೋಡುತ್ತಿದ್ದ. ನನ್ನ ಕೋಟಿನ ಕೆಳಗಡೆ ಕೋರೆಹಲ್ಲು ಸೀಳಿದ ಗೇಣುದ್ದದ ಗಾಯವನ್ನು ಬೆರಳಿಂದ ಮುಟ್ಟಿದ. ಕೋಟನ್ನು ಸರಿಸಿ ನನ್ನ ಮೀನಖಂಡವನ್ನು ನೋಡಿದ. ಅಲ್ಲಿ ಒಂದು ತರಚೂ ಇರಲಿಲ್ಲ. ಆಮೇಲೆ ಹೊನ್ನೆಮರದ ಬುಡದವರೆಗೆ ಹೋಗಿ, ತಿರುಗಿ ಬಂದು, ಬಹಳ ಸಂಕೋಚದಿಂದ ಹೇಳಿದ.

"ಮೇಷ್ಟ್ರ ಎಜ್ಜೆ ಮರದತ್ರಕ್ಕೆ ನಡ್ಕೊಂಡು ಓಗವೆ, ಬರುವಾಗ ಓಡ್ಕೊಂಡು ಬಂದವೆ. ಅಂದಿ ಎಜ್ಜೆ ಮ್ಯಾಲೆ ಬಿದ್ದವೆ. ಅಂದಿ ಬಂದಾಗ ಇಲ್ಲಿದ್ದುದ್ದು ಕೋಟು ಒಂದೇಯ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮುತ್ತುಗದ ಎಲೆ ಹಾಸಿ ಪಾಲು ಹಾಕಿದರು. ದೊಡ್ಡಬೀರಯ್ಯ ಕಟ್ಟಳೆ ತಪ್ಪುವ ಮನುಷ್ಯನಲ್ಲ. ಮೊದಲು ಮನೆಪಾಲು ಎತ್ತಿಟ್ಟ, ಬಂದೂಕು, ನಾಯಿ, ನಡೆದವರು ಎಲ್ಲ ಆಯಿತು. ಒಂದು ಎಲೆ ಉಳಿಯಿತು. ಅದನ್ನು ಎತ್ತಿ, ನಾನು ಬಿಚ್ಚಿ ತೋಳಿಗೆ ಹಾಕಿಕೊಂಡಿದ್ದ ಕೋಟಿನ ಮೇಲಿಟ್ಟ.

"ಕಂಡಿ ಕಾದುದ್ದು ಇದು, ಗಾಯ ಮಾಡ್ಕೊಂಡುದ್ದೂ ಇದು. ಪಾಲು ಇದುಕ್ಕೇ ಸಲ್ಬೇಕು. ನಿಮ್ದು ಮನೆಪಾಲು ಯಾವತ್ತಿನಂಗೆ ಐತೆ, ಬುಡಿ."

ಎರಡು ಪೊಟ್ಟಣ ಹಿಡಿದು ಮನೆಗೆ ಬಂದೆ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲವಾದ್ದರಿಂದ ಎಲ್ಲವನ್ನೂ ಮಲ್ಲಾಜಮ್ಮನಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು. ಕೋಟನ್ನು ಕೊಡವಿ, ದಬ್ಬಳದಿಂದ ಹರುಕನ್ನು ಅಚ್ಚುಕಟ್ಟಾಗಿ ಹೊಲಿದು, ಮಾವನವರ ಪಟದ ಪಕ್ಕದ ಗೂಟಕ್ಕೆ ನೇತುಹಾಕಿದಳು. ನನಗೆ ಬಿಸಿನೀರು ಕಾಯಿಸಿದಳು. ಗಡಿಯಾರದ ಮಾತನ್ನು ಅಂದಿನಿಂದ ಎತ್ತಲಿಲ್ಲ.

ಮರುವರ್ಷ ಅದೇ ಕಾರ್ತಿಕ, ಅದೇ ಮಂಜು. ಬೆಳಗಿನ ಜಾವ ಬಾಗಿಲು ತಟ್ಟಿದ್ದು ಕೇಳಿ ನಾನು ನರಳುತ್ತಾ ಎದ್ದು ಸ್ವೆಟರಿಗೆ ಕೈ ಹಾಕಿದೆ. ಹೊಸ್ತಿಲಾಚೆ ದೊಡ್ಡಬೊಮ್ಮ ನಿಂತಿದ್ದ.

"ನೀವು ಮನೀಕಳಿ ಮೇಷ್ಟ್ರೇ. ಯಜಮಾನ್ರು ಕೋಟು ಈಸ್ಕೊಂಡು ಬಾ ಅಂದ್ರು" ಎಂದ.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅವಮಾನವಾಗಲಿಲ್ಲ, ಹಾಯೆನಿಸಿತು. ಮಲ್ಲಾಜಮ್ಮ ಗೂಟದಿಂದ ಕೋಟನ್ನು ಇಳಿಸಿ, ತೋಳನ್ನೊಮ್ಮೆ ನೇವರಿಸಿ, ಉಷಾರಾಗಿ ಕರಕೊಂಡು ಹೋಗು ಎಂದು ಹೇಳಿ ಅವನ ಕೈಗೆ ಕೊಟ್ಟಳು. ಬಾಗಿಲು ಹಾಕಿ ಬಂದು, ಪೆಟ್ಟಿಗೆಯಿಂದ ಅವರಪ್ಪನ ಹಳೇ ಕಂಬಳಿ ತೆಗೆದು ನನ್ನ ಮೇಲೆ ಹೊದಿಸಿದಳು.

"ಬೆಚ್ಚಗೈತಾ?" ಎಂದು ಕೇಳಿದಳು.

ಬೆಚ್ಚಗಿತ್ತು. ನನ್ನ ಅಳತೆಗೂ ಸರಿಯಾಗಿತ್ತು.